ಕ್ಯಾಂಬೆಲ್‌ಟೌನಿನ ಭಟ್ಟಿಮನೆಯಲ್ಲಿ ಅಜ್ಜನ ಮೂರ್ತೆಯ ನೆನಪು

ಮೇ ತಿಂಗಳಲ್ಲಿ ಗ್ಲಾಸ್ಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ, "ಮಾಮಿ, ಎರಡು ದಿನ ರಜೆ ಇದೆ, ಎಲ್ಲಿಗೆ ಹೋಗೋಣ, ನೀವೇ ಹೇಳಿ" ಎಂದು ಕೇಳಿದರು. ಯಾವುದಾದರೂ ಕೋಟೆಯನ್ನೋ ಸರೋವರವನ್ನೋ ಹೆಸರಿಸುತ್ತೇನೆಂದು ಅವರು ಎಣಿಸಿದ್ದರು. ವಿಸ್ಕಿಯನ್ನು ಭಟ್ಟಿ ಇಳಿಸುವ ಜಾಗವೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು ಎಂದು ನಾನು ಹೇಳಿದಾಗ, ಒಲೆಯ ಮುಂದೆ ನಿಂತಿದ್ದ ಮಗಳು ದೋಸೆ ಸಟ್ಟುಗವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಅವಳ ಆಶ್ಚರ್ಯ ಸಹಜವೇ. ಕುಂಬಳೆಯ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ, ಮದ್ಯ ಬೇಡವೆಂದು ಬೋಧಿಸಿದ ನಾರಾಯಣ ಗುರುಗಳ ಪಟವಿದೆ. ನಾನು ಮದ್ಯದ ಹನಿಯನ್ನೂ ಮುಟ್ಟಿದವಳಲ್ಲ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು.

ಆದರೆ ನನ್ನ ಅಜ್ಜ, ಅಮ್ಮನ ತಂದೆ, ಮೂರ್ತೆದಾರರಾಗಿದ್ದರು. ತೆಂಗಿನ ಮರವನ್ನೂ ತಾಳೆ ಮರವನ್ನೂ ಹತ್ತಿ ಕಳ್ಳು ಇಳಿಸುವುದೇ ಅವರ ಜೀವನೋಪಾಯವಾಗಿತ್ತು. ಈ ಮಾತನ್ನು ನಾನು ಮಗಳಿಗೆ ಅದುವರೆಗೆ ಒಂದು ಸಾಲಿನಲ್ಲಿ ಹೇಳಿದ್ದೆನೇ ಹೊರತು ಅದರ ವಿವರಕ್ಕೆ ಹೋಗಿರಲಿಲ್ಲ. ಕುಡಿಯುವ ವಸ್ತುವೊಂದನ್ನು ಮಾಡುವ ಕೆಲಸವನ್ನು ತಮ್ಮ ಊರಿನ ಹೆಮ್ಮೆಯೆಂದು ಹೇಳಿಕೊಳ್ಳುವ ಜನ ಅದನ್ನು ಹೇಗೆ ಮಾಡುತ್ತಾರೆ, ಹೇಗೆ ತೋರಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು.

ಅಳಿಯ ವಿಚಾರಿಸಿ ಕ್ಯಾಂಬೆಲ್‌ಟೌನನ್ನು ಆರಿಸಿದರು. ಅದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಡಲೊಳಗೆ ಉದ್ದಕ್ಕೆ ಚಾಚಿಕೊಂಡಿರುವ ಕಿಂಟೈರ್ ಎಂಬ ನೆಲದ ತುದಿಯ ಹತ್ತಿರವಿರುವ ಸಣ್ಣ ಊರು. ಗ್ಲಾಸ್ಗೋದಿಂದ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ಲೋಮಂಡ್ ಸರೋವರದ ದಂಡೆಯನ್ನು ಹಿಡಿದು ಹೋಗುವ ಆ ದಾರಿ ಮುಂದೆ ಒಂದು ಕಡಿದಾದ ಘಾಟಿಯನ್ನು ಏರುತ್ತದೆ. ಹಿಂದೆ ರಸ್ತೆ ಕಡಿದ ಸೈನಿಕರು ಆ ಘಾಟಿಯ ನೆತ್ತಿಯಲ್ಲಿ 'ವಿಶ್ರಮಿಸಿ, ಕೃತಜ್ಞರಾಗಿರಿ' ಎಂದು ಕಲ್ಲಿನಲ್ಲಿ ಬರೆದು ನಿಲ್ಲಿಸಿದ್ದರಂತೆ. ಇಂದಿಗೂ ಆ ಜಾಗಕ್ಕೆ ಅದೇ ಹೆಸರು. ನಮ್ಮಲ್ಲಿ ಹೊರೆ ಇಳಿಸಲು ದಾರಿಬದಿಯಲ್ಲಿ ಹೊರೆಗಲ್ಲು ನಿಲ್ಲಿಸುತ್ತಿದ್ದವರ ಮನಸ್ಸೂ ಇದೇ ಇದ್ದಿರಬೇಕು. ಅಲ್ಲಿಂದ ಮುಂದೆ ಬಹುಪಾಲು ದಾರಿ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಊರು ತಲುಪಿದಾಗ ಮೊದಲು ಕಂಡದ್ದು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕುಳಿತ ಡವಾರ್ ಎಂಬ ದ್ವೀಪ. ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಕಲ್ಲುಹಾಸಿನ ಮೇಲೆ ನಡೆದೇ ಹೋಗಬಹುದು. ಗಾಳಿಯಲ್ಲಿ ಉಪ್ಪಿನ ಪಸೆಯೂ ಕೊಳೆತ ಕಡಲಪಾಚಿಯ ವಾಸನೆಯೂ ಇತ್ತು. ಶಿರಿಯ ಹೊಳೆಯ ಅಳಿವೆಯ ಬಳಿ ಬೆಳೆದ ನನಗೆ ಚಳಿಯೊಂದನ್ನು ಬಿಟ್ಟರೆ ಬೇರಾವುದೂ ಹೊಸತೆನಿಸಲಿಲ್ಲ.

ನಾವು ನೋಡಿದ ಭಟ್ಟಿಮನೆಯ ಹೆಸರು ಸ್ಪ್ರಿಂಗ್‌ಬ್ಯಾಂಕ್. 1828ರಲ್ಲಿ ಆರಂಭವಾದ ಇದು 1837ರಿಂದ ಮಿಚೆಲ್ ಮನೆತನದ ಕೈಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ವಿಸ್ಕಿ ಭಟ್ಟಿಗಳಿವೆ. ಅವುಗಳಲ್ಲಿ ಹೆಚ್ಚಿನವು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬೇರೆ ಕಾರ್ಖಾನೆಗಳಿಂದ ಕೊಳ್ಳುತ್ತವೆ. ಬಾಟಲಿಗೆ ತುಂಬುವ ಕೆಲಸವನ್ನೂ ಎಷ್ಟೋ ಕಡೆ ಹೊರಗೇ ಮಾಡಿಸುತ್ತಾರೆ. ಇಲ್ಲಿ ಮಾತ್ರ ಬಾರ್ಲಿಯನ್ನು ನೆನೆಸುವುದರಿಂದ ಹಿಡಿದು ಬಾಟಲಿಗೆ ಚೀಟಿ ಅಂಟಿಸುವವರೆಗೆ ಎಲ್ಲವೂ ಒಂದೇ ಅಂಗಳದೊಳಗೆ, ಬಹುಮಟ್ಟಿಗೆ ಕೈಯಿಂದಲೇ ನಡೆಯುತ್ತದೆ. ಯಂತ್ರಗಳನ್ನು ತಂದರೆ ಅರ್ಧದಷ್ಟು ಜನ ಸಾಕಾಗುತ್ತಾರೆ, ಆದರೆ ಈ ಊರಿನವರಿಗೆ ಕೆಲಸ ಇರಬೇಕೆಂಬುದೂ ಈ ಮನೆತನದ ಲೆಕ್ಕದಲ್ಲಿ ಸೇರಿದೆ ಎಂದು ನಮ್ಮನ್ನು ಕರೆದೊಯ್ದ ಹುಡುಗಿ ಹೇಳಿದಳು. ಅವಳ ಅಜ್ಜನೂ ಅಲ್ಲೇ ದುಡಿದವನಂತೆ. ಅದನ್ನು ಅವಳು ಕೇಳದೆಯೇ ಹೇಳಿದಳು, ಮೊದಲ ಐದು ನಿಮಿಷದಲ್ಲೇ ಹೇಳಿದಳು. ನಾನು ಆ ಮಾತಿನಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಮೊದಲು ಹೊಕ್ಕದ್ದು ಮೊಳಕೆಯ ಅಂತಸ್ತು. ಉದ್ದನೆಯ, ತಗ್ಗು ಮಾಡಿನ, ಸಣ್ಣ ಕಿಟಕಿಗಳ ಕೋಣೆ. ನೆಲದ ತುಂಬ ಒಂದು ಗೇಣಿನಷ್ಟು ದಪ್ಪಕ್ಕೆ ಬಾರ್ಲಿ ಹರಡಿತ್ತು. ಎರಡು ಮೂರು ದಿನ ನೀರಿನಲ್ಲಿ ನೆನೆಸಿ ಬಸಿದ ಕಾಳನ್ನು ಹೀಗೆ ಹರಡಿದರೆ ಅದು ಮೊಳೆಯತೊಡಗುತ್ತದೆ, ಮೊಳೆಯುವಾಗ ಬಿಸಿಯಾಗುತ್ತದೆ. ಹಾಗೆಯೇ ಬಿಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ನೆಲ ಕಂಬಳಿಯಂತೆ ಗಂಟಾಗಿ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಹಗಲೂ ರಾತ್ರಿಯೂ ಕೆಲವು ಗಂಟೆಗಳಿಗೊಮ್ಮೆ ಮರದ ಸಲಿಕೆಯಿಂದ ಮಗುಚಬೇಕು, ದಂತಗಳಿರುವ ಗೋರೆಯನ್ನು ಹಿಂದಕ್ಕೆಳೆದುಕೊಂಡು ಸಾಲು ಬಿಡಿಸಬೇಕು. ಸುಮಾರು ಐದಾರು ದಿನ ಈ ಕೆಲಸ. ಗೋರೆ ಎಳೆಯುತ್ತಿದ್ದವನ ಹಿಂದೆ ಮೂಡಿದ ಸಾಲುಗಳನ್ನು ನೋಡಿದಾಗ ನನಗೆ ನಮ್ಮ ಅಂಗಳವೇ ಕಣ್ಣ ಮುಂದೆ ಬಂತು. ಬೇಯಿಸಿದ ಭತ್ತವನ್ನು ಒಣಹಾಕಿದಾಗ ಮಕ್ಕಳಾದ ನಾವು ಪಾದವನ್ನು ನೆಲಕ್ಕೆ ಒತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋಗುತ್ತಿದ್ದೆವು. ಹಿಂದೆ ಇಂತಹದೇ ಜೋಡು ಸಾಲು ಮೂಡುತ್ತಿತ್ತು.

ಆ ಕೆಲಸಗಾರ ಒಂದು ಹಿಡಿ ಕಾಳನ್ನು ನನ್ನ ಅಂಗೈಗೆ ಹಾಕಿ, ಒಂದನ್ನು ಬೆರಳಿನ ನಡುವೆ ಹಿಸುಕಿ ನೋಡುವಂತೆ ಹೇಳಿದ. ಬುಡದಲ್ಲಿ ಮೂರು ನಾಲ್ಕು ಬಿಳಿಯ ಎಳೆಗಳು ಹೊರಟಿದ್ದವು. ಸಿಪ್ಪೆಯ ಒಳಗೆ ಮೊಳಕೆ ಕಾಳಿನ ಉದ್ದಕ್ಕೂ ತೆವಳಿ ತುದಿಗೆ ಸಮೀಪಿಸಿತ್ತು. ಹಿಸುಕಿದಾಗ ಒಳಗಿನ ತಿರುಳು ಸುಣ್ಣದ ಪುಡಿಯಂತೆ ಬೆರಳಿಗೆ ಹತ್ತಿತು. ಬೆರಳಿನಿಂದ ಗೋಡೆಯ ಮೇಲೆ ಗೀಟು ಎಳೆಯಲು ಬಂದರೆ ಕಾಳು ಹದಕ್ಕೆ ಬಂದಿದೆ ಎಂದರ್ಥ. ಶಿಶುಗಳಿಗೆ ರಾಗಿಯ ಮಣ್ಣಿ ಮಾಡುವಾಗ ಬಟ್ಟೆಯಲ್ಲಿ ಕಟ್ಟಿಟ್ಟ ಮೊಳಕೆ ರಾಗಿಯನ್ನು ಅಮ್ಮ ಹೀಗೆಯೇ ಉಗುರಿನಿಂದ ಒತ್ತಿ ನೋಡುತ್ತಿದ್ದರು. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಮಗುವಿನ ಹೊಟ್ಟೆಗೂ ವಿಸ್ಕಿಯ ಹಂಡೆಗೂ ಬೇಕಾದದ್ದು ಅದೇ ಗುಣ. ಈ ಮನೆಯಲ್ಲಿಯೂ ನೆಲದ ಮೇಲೆ ಮೊಳಕೆ ಬರಿಸುವ ಪದ್ಧತಿ ನಡುವೆ ನಿಂತುಹೋಗಿತ್ತು. 1992ರಲ್ಲಿ ಅದನ್ನು ಮತ್ತೆ ಹಿಡಿದರು.

ಮೊಳಕೆಯನ್ನು ಹದವಾದ ಹೊತ್ತಿಗೆ ತಡೆಯಲು ಅದನ್ನು ಒಣಗಿಸುವ ಗೂಡಿಗೆ ಏರಿಸುತ್ತಾರೆ. ತೂತುಗಳಿರುವ ನೆಲದ ಮೇಲೆ ಕಾಳು, ಕೆಳಗೆ ಬೆಂಕಿ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಪದರಗಟ್ಟಿದ ಪಾಚಿ ಮತ್ತು ಹುಲ್ಲಿನ ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸುತ್ತಾರೆ, ಅದೇ ಪೀಟ್. ಅದರ ಹೊಗೆಯನ್ನು ಎಷ್ಟು ಹೊತ್ತು ಕೊಡುತ್ತಾರೆ ಎಂಬುದರ ಮೇಲೆ ಈ ಒಂದೇ ಮನೆಯಲ್ಲಿ ಮೂರು ಬಗೆಯ ವಿಸ್ಕಿಗಳು ಹುಟ್ಟುತ್ತವೆ. ಸ್ಪ್ರಿಂಗ್‌ಬ್ಯಾಂಕ್ ಎಂಬುದಕ್ಕೆ ಸುಮಾರು 6 ಗಂಟೆ ಹೊಗೆ, ಆಮೇಲೆ ಬರೀ ಬಿಸಿಗಾಳಿ. ಲಾಂಗ್‌ರೋ ಎಂಬುದಕ್ಕೆ 48 ಗಂಟೆಗಳವರೆಗೂ ಹೊಗೆ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ. ಗೂಡಿನ ಗೋಡೆಗಳು ಕರ್ರಗೆ ಮಿರುಗುತ್ತಿದ್ದವು. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲವಿಡೀ ಹೊಗೆ ತಿಂದ ಕೊಬ್ಬರಿಯ ವಾಸನೆಯನ್ನು ಬಲ್ಲವರಿಗೆ ಆ ಗೂಡಿನ ವಾಸನೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಮುಂದಿನ ಎರಡು ಹಂತಗಳನ್ನು ಬೇಗ ಹೇಳಿಬಿಡುತ್ತೇನೆ. ಒಣಗಿದ ಕಾಳನ್ನು ತರಿ ಬೀಸಿ, ಎರಕದ ಕಬ್ಬಿಣದ ದೊಡ್ಡ ಕೊಪ್ಪರಿಗೆಯಲ್ಲಿ ಬಿಸಿನೀರು ಹೊಯ್ದು ಸಿಹಿನೀರನ್ನು ಇಳಿಸಿಕೊಳ್ಳುತ್ತಾರೆ. ಉಳಿದ ಚರಟ ಸುತ್ತಲಿನ ದನಗಳಿಗೆ ಮೇವಾಗುತ್ತದೆ. ಸಿಹಿನೀರನ್ನು ಲಾರ್ಚ್ ಮರದ ಬೃಹತ್ ಬಾನಿಗಳಿಗೆ ತುಂಬಿ ಯೀಸ್ಟ್ ಹಾಕುತ್ತಾರೆ. ಬೇರೆಡೆ ಎರಡು ಮೂರು ದಿನದಲ್ಲಿ ಮುಗಿಸುವ ಹುದುಗುವಿಕೆಗೆ ಇಲ್ಲಿ 4 ದಿನಕ್ಕೂ ಹೆಚ್ಚು ಅವಕಾಶ ಕೊಡುತ್ತಾರೆ. ಬಾನಿಯ ಮುಚ್ಚಳವನ್ನು ನಮ್ಮನ್ನು ಕರೆದೊಯ್ದ ಹುಡುಗಿ ತೆರೆದಾಗ ಮೂಗಿಗೆ ಚುಚ್ಚುವ ಆವಿ ಏರಿ ನಾನು ಹಿಂದೆ ಸರಿದೆ. ಆದರೆ ನೊರೆಯ ಆ ಹುಳಿವಾಸನೆ, ಸಂಜೆಗೆ ಉಳಿದ ಕಳ್ಳಿನ ಮಡಕೆಯ ವಾಸನೆಯೇ ಆಗಿತ್ತು. ಐವತ್ತು ವರ್ಷಗಳ ಮೇಲೆ ಆ ವಾಸನೆ ನನ್ನನ್ನು ಹೀಗೆ ಗುರುತಿಸಿ ಮಾತಾಡಿಸೀತೆಂದು ನಾನು ಎಣಿಸಿರಲಿಲ್ಲ.

ಭಟ್ಟಿಯ ಕೋಣೆಯಲ್ಲಿ ಮೂರು ತಾಮ್ರದ ಹಂಡೆಗಳಿವೆ. ಕೆಳಗೆ ಅಗಲ, ಮೇಲೆ ಹೋಗುತ್ತಾ ಕೊಕ್ಕರೆಯ ಕತ್ತಿನಂತೆ ಸಪುರವಾಗಿ ಬಾಗಿದ ಕೊಳವೆ. ಮೊದಲನೆಯ ಹಂಡೆಗೆ ಇಂದಿಗೂ ಅಡಿಯಿಂದ ನೇರ ಉರಿಯನ್ನೇ ಕೊಡುತ್ತಾರೆ. ನೀರಿಗಿಂತ ಬೇಗ ಆವಿಯಾಗುವ ಮದ್ಯಸಾರ ಮೇಲೇರಿ, ತಣ್ಣೀರಿನಿಂದ ತಣಿದು ಮತ್ತೆ ದ್ರವವಾಗಿ ಇಳಿಯುತ್ತದೆ. ಸ್ಪ್ರಿಂಗ್‌ಬ್ಯಾಂಕ್ ಎಂಬ ಬಗೆಯಲ್ಲಿ ಒಂದು ಪಾಲು ಎರಡು ಬಾರಿ, ಇನ್ನೊಂದು ಪಾಲು ಮೂರು ಬಾರಿ ಹಂಡೆ ಕಾಣುವುದರಿಂದ ಇಲ್ಲಿಯವರು ಅದನ್ನು 'ಎರಡೂವರೆ ಭಟ್ಟಿ' ಎನ್ನುತ್ತಾರೆ. ತಾಮ್ರವೇ ಏಕೆ ಎಂದು ನಾನು ಕೇಳಿದೆ. ಆವಿಯಲ್ಲಿರುವ ಗಂಧಕದ ದುರ್ವಾಸನೆಯನ್ನು ತಾಮ್ರ ಹೀರಿಕೊಳ್ಳುತ್ತದೆ. ಹಾಗೆ ಹೀರಿ ಹೀರಿ ಹಂಡೆಯೇ ವರ್ಷವರ್ಷಕ್ಕೆ ತೆಳುವಾಗುತ್ತದೆ, ಕೊನೆಗೆ ಬದಲಿಸಬೇಕಾಗುತ್ತದೆ ಎಂಬ ಉತ್ತರ ಬಂತು.

ಹಂಡೆಗಳ ಮುಂದೆ ಬೀಗ ಹಾಕಿದ ಹಿತ್ತಾಳೆ ಮತ್ತು ಗಾಜಿನ ಪೆಟ್ಟಿಗೆಯೊಂದಿದೆ. ಇಳಿಯುವ ದ್ರವವೆಲ್ಲ ಅದರೊಳಗೆ ಹರಿಯುತ್ತದೆ. ಮೊದಲು ಬರುವ ತೀಕ್ಷ್ಣವಾದ ಭಾಗವನ್ನೂ ಕೊನೆಗೆ ಬರುವ ಮಂಕಾದ ಭಾಗವನ್ನೂ ಬೇರೆಡೆಗೆ ತಿರುಗಿಸಿ ನಡುವಿನದನ್ನಷ್ಟೇ ಹಿಡಿಯಬೇಕು. ಒಂದು ಕಾಲದಲ್ಲಿ ಬೀಗದ ಕೈ ಸುಂಕದ ಅಧಿಕಾರಿಯ ಬಳಿ ಇರುತ್ತಿತ್ತು. ಮಾಡುವವನು ತಾನು ಮಾಡಿದ್ದನ್ನು ಮುಟ್ಟುವಂತಿರಲಿಲ್ಲ, ಗಾಜಿನ ಹೊರಗಿನಿಂದ ನೋಡಿಯೇ ತೀರ್ಮಾನಿಸಬೇಕಾಗಿತ್ತು. ಆ ದಿನ ಅಲ್ಲಿದ್ದ ಹಿರಿಯ ಕೆಲಸಗಾರ ಕೈಯನ್ನು ಹಿಡಿಯ ಮೇಲಿಟ್ಟುಕೊಂಡು ನಮ್ಮ ಯಾರ ಕಡೆಯೂ ನೋಡದೆ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಮರದ ಮೇಲಿದ್ದಾಗ ಅಜ್ಜನನ್ನು ಕೆಳಗಿನಿಂದ ಕರೆದರೆ ಅವರು ಓಗೊಡುತ್ತಿರಲಿಲ್ಲ. ಹೊಂಬಾಳೆಯಿಂದ ಕಣ್ಣು ತೆಗೆಯಬಾರದು ಎಂದು ಆಮೇಲೆ ಇಳಿದು ಹೇಳುತ್ತಿದ್ದರು.

ಪೀಪಾಯಿಗಳ ಉಗ್ರಾಣದಲ್ಲಿ ನೆಲ ಬರೀ ಮಣ್ಣು, ಬೆಳಕು ಕಡಿಮೆ. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕೆಂಬುದು ಅಲ್ಲಿಯ ಕಾನೂನು. ಇಲ್ಲಿ 10, 15, 18 ವರ್ಷ ಕಾಯುವುದು ಸಾಮಾನ್ಯ. ಅಮೆರಿಕದ ಬೂರ್ಬನ್ ವಿಸ್ಕಿಗೆ ಪ್ರತಿಸಲ ಹೊಸ ಪೀಪಾಯಿಯನ್ನೇ ಬಳಸಬೇಕೆಂಬ ನಿಯಮವಿರುವುದರಿಂದ, ಅಲ್ಲಿ ಒಮ್ಮೆ ಬಳಸಿದವು ಹಡಗೇರಿ ಇಲ್ಲಿಗೆ ಬರುತ್ತವೆ. ಸ್ಪೇನಿನ ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದವೂ ಬರುತ್ತವೆ. ಮರದ ಸೂಕ್ಷ್ಮ ರಂಧ್ರಗಳಿಂದ ವರ್ಷಕ್ಕೆ ಶೇಕಡಾ 2ರಷ್ಟು ಗಾಳಿಗೆ ಸೇರಿಹೋಗುತ್ತದೆ. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ನಮ್ಮ ಸೆಖೆಗೆ ಆ ಪಾಲು ಶೇಕಡಾ 10ನ್ನೂ ದಾಟುತ್ತದೆ, ಆದ್ದರಿಂದ ನಾಲ್ಕೈದು ವರ್ಷಕ್ಕೇ ಅದು ಮಾಗುತ್ತದೆ, ಅವರು ತಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಭಟ್ಟಿಮನೆಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿಯನ್ನು, 2004ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಗ್ಲಾಸ್ಗೋದಲ್ಲಿಯೇ ಎಂದು ಅಳಿಯ ಹೇಳಿದಾಗ ನಮ್ಮ ಜೊತೆಗಿದ್ದ ಜರ್ಮನ್ ದಂಪತಿ ಕಿವಿಗೊಟ್ಟು ಕೇಳಿದರು. ನನಗೂ ಸಂತೋಷವಾಯಿತು. ಆದರೆ ನಮ್ಮವರೇ ಮಾಡಿದ, ದೇವದೂತರಿಗೂ ಹೊತ್ತು ಸಾಲದಂತೆ ಒಂದೇ ದಿನದಲ್ಲಿ ಹುಟ್ಟಿ ಒಂದೇ ದಿನದಲ್ಲಿ ಹುಳಿಯಾಗಿಬಿಡುವ ಇನ್ನೊಂದು ಪಾನೀಯದ ಹೆಸರನ್ನು ಅವರ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಹೇಳಬೇಕಾಗಿತ್ತು.

ಈ ಊರಿನ ಕಥೆಯನ್ನು ನಾನು ಅಲ್ಲಿಯ ಹುಡುಗಿಯಿಂದಲೂ ಆಮೇಲೆ ಓದಿಕೊಂಡೂ ತಿಳಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಿಂಟೈರಿನ ತುಂಬ ಕಳ್ಳಭಟ್ಟಿಗಳಿದ್ದವು. ಸುಂಕ ವಿಪರೀತವಾಗಿತ್ತು, ಸಣ್ಣ ರೈತರಿಗೆ ಬಾರ್ಲಿಯನ್ನು ಹಣವಾಗಿಸುವ ದಾರಿ ಬೇರೆ ಇರಲಿಲ್ಲ. ಕ್ಯಾಂಬೆಲ್‌ಟೌನಿನಲ್ಲಿ ರಾಬರ್ಟ್ ಆರ್ಮರ್ ಎಂಬ ತಾಮ್ರದ ಕೆಲಸಗಾರನೊಬ್ಬ 1811ರಿಂದ 1817ರ ನಡುವೆ ಇಂತಹ ಕಳ್ಳಭಟ್ಟಿಯ ಹಂಡೆಗಳನ್ನು ಮಾಡಿಕೊಟ್ಟ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಅದರಲ್ಲಿ ಹಂಡೆ ಕೊಂಡವರ ಪಟ್ಟಿಯಲ್ಲಿ ಹೆಂಗಸರ ಹೆಸರುಗಳೂ ಬೇಕಾದಷ್ಟಿವೆ. 1823ರ ಕಾನೂನು ಸುಂಕವನ್ನು ಇಳಿಸಿ, 10 ಪೌಂಡಿಗೆ ಪರವಾನಗಿ ಕೊಡತೊಡಗಿತು. ಕದ್ದು ಮಾಡುತ್ತಿದ್ದವರು ಅಂಗಳಕ್ಕೆ ಬಂದರು. ಮುಂದೆ ಈ ಪುಟ್ಟ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಟ್ಟಿಗಳು ಏಕಕಾಲಕ್ಕೆ ಉರಿಯುತ್ತಿದ್ದವು. ಆಮೇಲೆ ಬೇಡಿಕೆ ಹೆಚ್ಚಿದಂತೆ ಕೆಲವರು ಅವಸರಪಟ್ಟು ಕಳಪೆ ಮಾಲನ್ನು ಇಳಿಸಿದರು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಬಂತು. ಹಲವು ಭಟ್ಟಿಗಳ ವಿಸ್ಕಿಯನ್ನು ಮಿಶ್ರಣ ಮಾಡುವ ದೊಡ್ಡ ವ್ಯಾಪಾರಿಗಳು ಹಗುರ ರುಚಿಯ ಬೇರೆ ಪ್ರದೇಶಗಳ ಕಡೆ ಹೊರಳಿದರು. ಮೂವತ್ತರ ದಶಕದ ನಡುವಿಗೆ ಉಳಿದವು ಎರಡೇ, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಶಿಯಾ. 1925ರಲ್ಲಿ ಮುಚ್ಚಿದ್ದ ಗ್ಲೆನ್‌ಗೈಲ್ ಎಂಬುದನ್ನು 2004ರಲ್ಲಿ ಮಿಚೆಲ್ ಮನೆತನದವರೇ ಮತ್ತೆ ತೆರೆದರು. ಊರಿನಲ್ಲಿ ನಡೆಯುವಾಗ ಹಳೆಯ ಭಟ್ಟಿಗಳ ಗೋಡೆಗಳು ಈಗ ಮನೆಗಳಾಗಿ, ಅಂಗಡಿಗಳಾಗಿ ನಿಂತಿರುವುದನ್ನು ಜನ ತೋರಿಸುತ್ತಾರೆ.

ನಮ್ಮ ಕಡೆ ಕಾನೂನು ಬೇರೆ ರೀತಿಯಲ್ಲಿ ಬಂತು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಮದರಾಸಿಗೆ ಸೇರಿತ್ತು. 1948ರ ಹೊತ್ತಿಗೆ ಮದರಾಸಿನಲ್ಲಿ ಎಲ್ಲೆಡೆ ಪಾನನಿಷೇಧ ಜಾರಿಯಾಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೂ ಅದು ಮುಂದುವರಿದು 1967ರಲ್ಲಿ ತೆರವಾಯಿತು. ಅಂದರೆ ಅಜ್ಜನ ದುಡಿಮೆಯ ಹತ್ತೊಂಬತ್ತು ವರ್ಷ ಅವರು ಬಲ್ಲ ಒಂದೇ ವಿದ್ಯೆ ಅಪರಾಧವಾಗಿತ್ತು. ಆ ವರ್ಷಗಳಲ್ಲಿ ಅವರು ಮಡಕೆಗೆ ಸುಣ್ಣ ಬಳಿದು ಸಿಹಿಗಳ್ಳು ಇಳಿಸಿ ಬೆಲ್ಲ ಕಾಯಿಸಿದ್ದೂ ಇದೆ, ಅನ್ಯರ ತೋಟದಲ್ಲಿ ಕೂಲಿ ಮಾಡಿದ್ದೂ ಇದೆ. ಕತ್ತಿಯನ್ನು ಮಾತ್ರ ಮುಳಿಹುಲ್ಲಿನ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದರು ಎಂದು ಅಮ್ಮ ಹೇಳುತ್ತಿದ್ದರು. ನಾನು ಕಂಡ ಅಜ್ಜ 1967ರ ನಂತರದವರು, ಅರುವತ್ತರ ಹತ್ತಿರ ಬಂದು ಮತ್ತೆ ಮರ ಹತ್ತಿದವರು.

ಮೂರನೆಯ ತರಗತಿಯಲ್ಲಿ ದಾಖಲೆ ತುಂಬಿಸುವಾಗ ಮನೆಯವರ ಉದ್ಯೋಗವೇನೆಂದು ಕೇಳಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಹಿಂದಿನ ಬೆಂಚಿನಿಂದ "ಕಳ್ಳಿನವರು" ಎಂದು ಯಾರೋ ಹೇಳಿದರು, ತರಗತಿ ನಕ್ಕಿತು, ಅಧ್ಯಾಪಕರೂ ನಕ್ಕರು. ನಾನು "ಬೇಸಾಯ" ಎಂದೆ. ಹಾಗೆಯೇ ಬರೆದುಕೊಂಡರು. ಅಧ್ಯಾಪಕಿಯಾದ ಮೇಲೆ ನಾನು ಎಷ್ಟೋ ಮಕ್ಕಳ ದಾಖಲೆ ತುಂಬಿಸಿದ್ದೇನೆ. ಮಗು ಮೂರ್ತೆ ಎಂದರೆ ಮೂರ್ತೆ ಎಂದೇ ಬರೆದಿದ್ದೇನೆ, ಎದ್ದು ನಿಂತು ಹೇಳು ಎಂದಿದ್ದೇನೆ. ಆದರೆ ನನ್ನ ಅಜ್ಜನೂ ಅದನ್ನೇ ಮಾಡುತ್ತಿದ್ದರು ಎಂದು ಆ ಮಕ್ಕಳಿಗೆ ಹೇಳಲಿಲ್ಲ.

ಮದ್ಯ ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ನಾರಾಯಣ ಗುರುಗಳು ಹೇಳಿದ್ದಾರೆ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಅವರು ಪ್ರತಿಷ್ಠೆ ಮಾಡಿದ ಗೋಕರ್ಣನಾಥನ ಗುಡಿ ನಮ್ಮಂತಹವರಿಗೆ ತಲೆಯೆತ್ತಿ ಒಳಗೆ ಹೋಗಲು ಸಿಕ್ಕ ಮೊದಲ ಬಾಗಿಲು. ಅವರ ಮಾತನ್ನು ನಾನು ನಂಬುತ್ತೇನೆ, ಪಾಲಿಸುತ್ತೇನೆ. ಕುಡಿತದಿಂದ ಮುರಿದ ಮನೆಗಳನ್ನು ನನ್ನ ವಿದ್ಯಾರ್ಥಿಗಳ ಮನೆಗಳಾಗಿಯೇ ನೋಡಿದ್ದೇನೆ. ಅಜ್ಜನೂ ಬೆಳಗಾದರೆ ಗುರುಗಳ ಪಟಕ್ಕೆ ಕೈಮುಗಿದು, ಆಮೇಲೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಅವರು ಕುಡಿಯುತ್ತಿರಲಿಲ್ಲ, ಹದ ನೋಡಲು ನಾಲಗೆಯ ತುದಿಗೆ ಮುಟ್ಟಿಸಿ ಉಗುಳುತ್ತಿದ್ದರು. ಗುರುಗಳು ಬಿಡಿಸಬೇಕೆಂದಿದ್ದುದು ನಮ್ಮನ್ನು ಕಟ್ಟಿಹಾಕಿದ್ದ ಕಸುಬಿನಿಂದ ಎಂದು ನಾನು ತಿಳಿದಿದ್ದೇನೆ. ಕಸುಬು ಬಿಡುವುದರ ಜೊತೆಗೆ ಅದನ್ನು ಮಾಡಿದ ಕೈಗಳನ್ನೂ ಮರೆಮಾಚಬೇಕೆಂದು ಕಲಿಸಿದ್ದು ಅವರಲ್ಲ, ನಕ್ಕ ತರಗತಿ.

ಕೊನೆಗೆ ರುಚಿ ನೋಡುವ ಕೋಣೆಯಲ್ಲಿ ಎಲ್ಲರ ಮುಂದೆ ಸಣ್ಣ ಲೋಟಗಳನ್ನಿಟ್ಟರು. ನಾನು ಕುಡಿಯುವುದಿಲ್ಲ, ಮೂಸಿ ನೋಡಬಹುದೇ ಎಂದು ಕೇಳಿದೆ. ಆ ಹುಡುಗಿ ಸ್ವಲ್ಪವೂ ವಿಚಿತ್ರವಾಗಿ ನೋಡದೆ, ಅರ್ಧ ಕೆಲಸ ಮೂಗಿನದೇ ಎಂದು ಹೇಳಿ ಎರಡು ಹನಿ ನೀರು ಸೇರಿಸಿ ಕೊಟ್ಟಳು. ಮೊದಲು ಅಟ್ಟದ ಹೊಗೆ, ಅದರ ಹಿಂದೆ ಹಸಿ ಹಗ್ಗದಂತಹ ಉಪ್ಪು, ಬಹಳ ಹೊತ್ತಿನ ಮೇಲೆ ಓಲೆಬೆಲ್ಲದ ಎಳೆ. ಮಗಳು ತನ್ನ ಪಾಲಿನದನ್ನು ಕುಡಿದಳು. ಅವಳನ್ನು ನಾನು ತಡೆಯಲಿಲ್ಲ.

ಆ ರಾತ್ರಿ ಕಡಲಿಗೆ ಮುಖಮಾಡಿದ ವಸತಿಗೃಹದಲ್ಲಿ ಉಳಿದೆವು. ಒಂಬತ್ತೂವರೆಯಾದರೂ ಬೆಳಕು ಪೂರ್ತಿ ಹೋಗಿರಲಿಲ್ಲ. ಇಲ್ಲಿ ಕಂಡ ಕ್ರಮದಲ್ಲಿಯೇ ಅಜ್ಜನ ಕೆಲಸವನ್ನೂ ಹೇಳು ಎಂದು ಮಗಳು ಕೇಳಿದಳು. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಂಡಳು. ಮರುದಿನ ಊರಿನಲ್ಲಿರುವ ಅಣ್ಣನಿಗೆ ಫೋನು ಮಾಡಿ ಎರಡು ಮೂರು ಕಡೆ ತಿದ್ದಿಸಿಕೊಂಡೆವು. ಅದು ಹೀಗಿದೆ.

ಕಸುವಿರುವ ಮರದಲ್ಲಿ ಇನ್ನೂ ಒಡೆಯದ ಹೊಂಬಾಳೆಯನ್ನು ಆರಿಸಬೇಕು. ಅದು ಬಿರಿಯದಂತೆ ಬುಡದಿಂದ ತುದಿಯವರೆಗೆ ಎಳೆಗರಿಯ ಪಟ್ಟಿಯಿಂದ ಒತ್ತಾಗಿ ಸುತ್ತಿ ಕಟ್ಟಬೇಕು. ದಿನಕ್ಕೆ ಎರಡು ಬಾರಿ ಮರ ಹತ್ತಿ, ನಯವಾದ ಮೂಳೆಯ ತುಂಡಿನಿಂದ ಹೊಂಬಾಳೆಯ ಮೈಯನ್ನೆಲ್ಲ ಮೆಲ್ಲಗೆ ಬಡಿಯಬೇಕು. ಒಳಗಿನ ಹೂ ಜಜ್ಜಬಾರದು, ನೊಂದರೆ ಸಾಕು. ಏಟು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಇಳಿಯುವುದಿಲ್ಲ. ಸರಿಯಾದ ಏಟಿನ ಸದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು, ಬಾಗಿಲ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದಂತೆ. ವಾರ ಹತ್ತು ದಿನ ಹೀಗೆ ಬಡಿದು, ತುದಿಯನ್ನು ಕೊಯ್ದು ಹೊಂಬಾಳೆಯನ್ನು ದಿನವೂ ಇಷ್ಟಿಷ್ಟು ಕೆಳಕ್ಕೆ ಬಾಗಿಸಿ ಮಡಕೆ ಕಟ್ಟಬೇಕು. ಆಮೇಲೆ ಬೆಳಗ್ಗೆ ಮತ್ತು ಸಂಜೆ ತುದಿಯಿಂದ ಎಲೆಯಷ್ಟು ತೆಳುವಾದ ಬಿಲ್ಲೆಯನ್ನು ಹೊಸದಾಗಿ ಕೊಯ್ಯಬೇಕು, ಇಲ್ಲದಿದ್ದರೆ ಗಾಯ ಮಾಗಿ ರಸ ನಿಲ್ಲುತ್ತದೆ. ಬೆಳಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಏರು, ಮರುದಿನಕ್ಕೆ ಹುಳಿ. ನೆರೆಯ ಕ್ರೈಸ್ತರ ಮನೆಯವರು ಹಬ್ಬದ ಮುನ್ನಾದಿನ ಸನ್ನ ಎಂಬ, ಹಬೆಯಲ್ಲಿ ಬೇಯಿಸುವ ಅಕ್ಕಿ ತಿಂಡಿಯ ಹಿಟ್ಟಿಗೆಂದು ಒಯ್ಯುತ್ತಿದ್ದದ್ದು ಬೆಳಗ್ಗಿನ ಮಡಕೆಯಿಂದ. ದೈವದ ಕೋಲಕ್ಕೆ ಕೊಡುವುದನ್ನು ಅಜ್ಜ ಹೊಸ ಮಡಕೆಯಲ್ಲಿ ಬೇರೆಯಾಗಿ ಇಳಿಸುತ್ತಿದ್ದರು.

ಮರದ ಕಾಂಡಕ್ಕೆ ಮೆಟ್ಟಿಲಿನಂತೆ ತೆಂಗಿನ ಸಿಪ್ಪೆಗಳನ್ನು ಕಟ್ಟಿರುತ್ತಿದ್ದರು. ಅವು ಎರಡು ಮಳೆಗಾಲ ಬಾಳುತ್ತಿದ್ದವು ಎಂದು ನಾನು ಹೇಳಿದ್ದೆ. ಅಣ್ಣ ತಿದ್ದಿದರು: "ಒಂದೇ ಮಳೆಗಾಲ. ಪ್ರತಿವರ್ಷ ಆಟಿ ತಿಂಗಳು ಕಳೆದ ಮೇಲೆ ಹೊಸತು ಕಟ್ಟುತ್ತಿದ್ದರು. ಹಗ್ಗ ಹಿಡಿದುಕೊಳ್ಳಲು ಕೆಳಗೆ ನಿಲ್ಲುತ್ತಿದ್ದವನು ನಾನೇ."